ಒಗ್ಗರಣೆ ಇಲ್ಲದ ಸಾರು

ಒಂಬತ್ತು ದಿನದಲ್ಲಿ ಇನ್ನೂರ ಹನ್ನೆರಡು ಮನೆ! ಇದನ್ನು ಹೇಳುವಾಗಲೆಲ್ಲ ಪ್ರೊಫೆಸರ್ ಶಿವಶಂಕರರ ಎದೆ ಒಂದಿಂಚು ಉಬ್ಬುತ್ತಿತ್ತು. 1972ರಲ್ಲಿ, ಇನ್ನೂ ಇಪ್ಪತ್ತೈದರ ಹುಡುಗನಾಗಿದ್ದಾಗ, ಹೆಗಲಿಗೊಂದು ಬಟ್ಟೆಚೀಲ ಹಾಕಿಕೊಂಡು, ಸೈಕಲ್ಲೇರಿ, ಹುಣಸೇಪುರದ ಮನೆಮನೆಗೂ ಹೋಗಿ ಫಾರಂ ತುಂಬಿಕೊಂಡು ಬಂದಿದ್ದರು. ಯಾರು ಏನು ಕೆಲಸ ಮಾಡುತ್ತಾರೆ, ಯಾರಿಗೆ ಎಷ್ಟು ಮಕ್ಕಳು, ಒಂದು ಮಗುವಿಗೂ ಇನ್ನೊಂದಕ್ಕೂ ಎಷ್ಟು ವರ್ಷದ ಅಂತರ, ಇವೇ ಪ್ರಶ್ನೆಗಳು. ಹುಣಸೇಪುರ ಎಂದರೆ ಚಾಮರಾಜನಗರ ತಾಲ್ಲೂಕಿನಲ್ಲಿ, ಉಮ್ಮತ್ತೂರಿನಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದರೆ ಸಿಗುವ ಊರು. ಜೊತೆಯವರಿಗೆ ಎರಡು ತಿಂಗಳು ಹಿಡಿಯುತ್ತಿದ್ದ ಕೆಲಸವನ್ನು ಒಂಬತ್ತೇ ದಿನದಲ್ಲಿ ಮುಗಿಸಿದ ಶಿಷ್ಯನ ಬೆನ್ನನ್ನು ಪಿಎಚ್.ಡಿ. ಗೈಡು ತಟ್ಟಿದ್ದೇ ತಟ್ಟಿದ್ದು. ಅಲ್ಲ, ಇಷ್ಟು ಬೇಗ ಹೇಗಪ್ಪಾ ಮುಗೀತು ಎಂದು ಒಬ್ಬರಾದರೂ ಕೇಳಬೇಡವೆ? ಯಾರೂ ಕೇಳಲಿಲ್ಲ.

ಆ ಫಾರಂಗಳಿಂದ ಒಂದು ಒಗಟು ಹೊರಬಿತ್ತು. ಶಿವಶಂಕರರದು ಅರ್ಥಶಾಸ್ತ್ರ, ಅದರಲ್ಲೂ ದುಡಿಮೆ ಮತ್ತು ಜನಸಂಖ್ಯೆ. ಹೆಂಗಸರು ದುಡಿಯುವ ಊರಿನಲ್ಲಿ ಮಕ್ಕಳು ಕಡಿಮೆ, ದುಡಿಯದೆ ಮನೆಯಲ್ಲಿರುವ ಊರಿನಲ್ಲಿ ಮಕ್ಕಳು ಹೆಚ್ಚು ಎಂದು ಅವರು ಓದಿದ ಪುಸ್ತಕಗಳು ಹೇಳುತ್ತಿದ್ದವು. ಹುಣಸೇಪುರದಲ್ಲಿ ನೋಡಿದರೆ ಎಲ್ಲ ಉಲ್ಟಾ. ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ಆ ಊರಿನಲ್ಲಿ ನೂರಕ್ಕೆ ಹನ್ನೊಂದು ಹೆಂಗಸರು ಮಾತ್ರ ಕೆಲಸದವರು. ಮಿಕ್ಕವರ ಹೆಸರಿನ ಮುಂದೆಲ್ಲ ಒಂದೇ ಮಾತು: ಮನೆಯಲ್ಲಿದ್ದಾರೆ, ಕೆಲಸವಿಲ್ಲ. ಆದರೂ ಮಕ್ಕಳು ಎರಡೋ ಮೂರೋ, ಅದೂ ಐದಾರು ವರ್ಷಕ್ಕೊಂದು. ಹೋಲಿಸಿ ನೋಡಲೆಂದು ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರು ಕಡೆಯ ಒಂದು ಊರನ್ನೂ ತೆಗೆದುಕೊಂಡಿದ್ದರು. ಅಲ್ಲಿ ರೇಷ್ಮೆ ಇರಲಿಲ್ಲ, ಹೆಂಗಸರೆಲ್ಲ ಹೊಲದಲ್ಲಿ ದುಡಿಯುತ್ತಿದ್ದರು, ಮನೆ ತುಂಬ ಮಕ್ಕಳೂ ಇದ್ದವು.

ಈ ಒಗಟಿಗೆ ಶಿವಶಂಕರರು ಒಂದು ಸಿದ್ಧಾಂತ ಕಟ್ಟಿದರು. ರೇಷ್ಮೆ ಬಂದರೆ ಮನೆಗೆ ನೆಮ್ಮದಿ ಬರುತ್ತದೆ, ನೆಮ್ಮದಿ ಬಂದ ಮನೆಯ ಹೆಂಗಸರಿಗೆ ಬಿಡುವು ಸಿಗುತ್ತದೆ, ಬಿಡುವಿದ್ದವರು ಯೋಚನೆ ಮಾಡಿ ಹೆರುತ್ತಾರೆ. ಕೇಳಲು ಎಷ್ಟು ಚೆನ್ನಾಗಿದೆ! ಆ ಬಿಡುವಿನ ಸಿದ್ಧಾಂತ ಅವರನ್ನು ಮೈಸೂರಿನ ಸಂಶೋಧನಾ ಕೇಂದ್ರದ ಕುರ್ಚಿಯವರೆಗೆ, ದೆಹಲಿಯ ಸಭೆಗಳವರೆಗೆ, ಒಂದು ಸಲ ಜಿನೀವಾದವರೆಗೂ ಕರೆದುಕೊಂಡು ಹೋಯಿತು. ಇಪ್ಪತ್ತನಾಲ್ಕು ವರ್ಷ ಅವರು ಉಂಡದ್ದು ಅದರದೇ ಅನ್ನ.

ಪಾಠ ಮಾಡುವಾಗ ಅವರದೊಂದು ತಮಾಷೆಯಿತ್ತು. ಹುಣಸೇಪುರ ಅವರ ಅಕ್ಕ ದೊಡ್ಡಮಲ್ಲಮ್ಮನನ್ನು ಕೊಟ್ಟ ಊರು. ಸರ್ವೆಯ ಒಂಬತ್ತು ದಿನವೂ ಅವರು ಉಳಿದಿದ್ದು ಅಕ್ಕನ ಮನೆಯಲ್ಲೇ. "ಒಂಬತ್ತು ದಿನವೂ ನನ್ನಕ್ಕ ನನಗೆ ಒಗ್ಗರಣೆ ಇಲ್ಲದ ಸಾರು ಬಡಿಸಿದಳು ಕಣ್ರಯ್ಯ! ಮನೇಲಿ ಕೂತವಳಿಗೆ ಎರಡು ಸಾಸಿವೆ ಸಿಡಿಸೋಕೆ ಪುರುಸೊತ್ತಿಲ್ಲ! ಕೆಲಸ ಇಲ್ಲದವರಿಗೇ ನೋಡಿ ಪುರುಸೊತ್ತು ಇಲ್ಲದ್ದು!" ಎನ್ನುವರು. ಹುಡುಗರು ಹೋ ಎಂದು ನಗುವರು, ಮೇಷ್ಟ್ರೂ ನಗುವರು. ಆದರೆ ಒಳಗೆಲ್ಲೋ ಅದು ಅವರನ್ನು ಚುಚ್ಚುತ್ತಲೂ ಇತ್ತು. ಅಕ್ಕನಿಗೆ ಆಗ ತಮ್ಮ ಮೇಲೆ ಏನೋ ಬೇಸರವಿತ್ತೇನೋ ಎಂಬ ಅನುಮಾನ ಅವರನ್ನು ಬಿಟ್ಟಿರಲಿಲ್ಲ.

ಅಕ್ಕನ ಬೇಸರ ಎಂದರೆ ಅವರಿಗೆ ಸಣ್ಣ ಮಾತಲ್ಲ. ಅವರು ಹುಟ್ಟಿದ್ದು ಬೇಗೂರಿನಲ್ಲಿ. ಎಂಟನೇ ವರ್ಷಕ್ಕೆ ಅವ್ವ ತೀರಿಕೊಂಡಾಗ, ಮದುವೆಯಾಗಿ ಇನ್ನೂ ವರ್ಷ ತುಂಬಿರದ ಹದಿನೆಂಟರ ಅಕ್ಕ ಬಂದು, "ಈ ಕೂಸ್ನ ನಾನ್ ಕರ್ಕಂಡೋಯ್ತಿನಿ" ಎಂದು ಹಿರಿಯರೆಲ್ಲರ ಮುಂದೆ ಹೇಳಿದ್ದಳು. ಎತ್ತಿಕೊಳ್ಳುವ ವಯಸ್ಸು ದಾಟಿದ್ದವನನ್ನು ಸೊಂಟಕ್ಕೆತ್ತಿಕೊಂಡೇ ಬಸ್ಸು ಹತ್ತಿದ್ದಳು. ಸ್ಲೇಟು, ಚಾಮರಾಜನಗರದ ಹೈಸ್ಕೂಲು, ಮೈಸೂರಿನ ಹಾಸ್ಟೆಲ್ಲು, ಎಲ್ಲದರ ಹಿಂದೆಯೂ ನಿಂತವಳು ಅವಳೇ. ಅವರು ಹಾಸ್ಟೆಲ್ಲು ಸೇರಿದ ಮೇಲೆಯೇ ಹುಣಸೇಪುರಕ್ಕೆ ರೇಷ್ಮೆ ಬಂದದ್ದು. ಆ ಹೊತ್ತಿಗೆ ಅವರಿಗೆ ನಶ್ಯದ ಚಟ ಹತ್ತಿತ್ತು. ಹೊಗೆಸೊಪ್ಪಿನ ವಾಸನೆ ಇದ್ದವರನ್ನು ಹುಳದ ಕೋಣೆಗೆ ಬಿಡುವುದಿಲ್ಲ. ಹಾಗಾಗಿ ರೇಷ್ಮೆಯ ಬಗ್ಗೆ ಹದಿನಾಲ್ಕು ಲೇಖನ ಬರೆದ ಮಹಾನುಭಾವರು ಅಕ್ಕನ ಹುಳದ ಕೋಣೆಯೊಳಕ್ಕೆ ಒಂದು ಸಲವೂ ಕಾಲಿಟ್ಟವರಲ್ಲ.

ಈಗ, 1996ರ ನವೆಂಬರಿನಲ್ಲಿ, ಅವರ ಜೀವಮಾನದ ಬರಹವೆಲ್ಲ ಒಂದು ದಪ್ಪ ಪುಸ್ತಕವಾಗಿ ಮೈಸೂರಿನ ಗುರುಪಾದಸ್ವಾಮಿಯ ಪ್ರೆಸ್ಸಿನಲ್ಲಿ ಅಚ್ಚಿಗೆ ಸಿದ್ಧವಾಗುತ್ತಿತ್ತು. ಮೊದಲ ಅಧ್ಯಾಯವೇ ಹುಣಸೇಪುರದ ಒಗಟು. ಅದರ ಹಿಂದಿನ ಪುಟದಲ್ಲಿ, 'ಅಕ್ಕ ದೊಡ್ಡಮಲ್ಲಮ್ಮನಿಗೆ' ಎಂಬ ಅರ್ಪಣೆ. ಡಿಸೆಂಬರಿನಲ್ಲಿ ಚಾಮರಾಜನಗರದಲ್ಲೇ ಬಿಡುಗಡೆ ಎಂದು ಗೊತ್ತಾಗಿತ್ತು. ಅಕ್ಕನಿಗೆ ಓದು ಬಾರದು. ಚಾಮರಾಜನಗರದಲ್ಲಿ ಟೀಚರಾಗಿದ್ದ ಅವಳ ಮಗಳು ಕಾವ್ಯಶ್ರೀ, "ಮೊದಲ್ನೇ ಪುಟದಿಂದ ನಾನೇ ಓದಿ ಹೇಳ್ತೀನಿ ಮಾವ" ಎಂದು ಕಾದು ಕೂತಿದ್ದಳು. ಬಾಕಿಯಿದ್ದದ್ದು ಕೊನೆಯ ಅಧ್ಯಾಯವೊಂದೇ: ಅವೇ ಎರಡು ಊರುಗಳು ಈಗ ಹೇಗಿವೆ ಎಂದು. ಅದಕ್ಕಾಗಿ ಮೇಷ್ಟ್ರು ತಮ್ಮ ವಿದ್ಯಾರ್ಥಿನಿ ಶಿವರಂಜಿನಿಯನ್ನು ಕರೆದುಕೊಂಡು ಹೊರಟಿದ್ದರು. ಅವಳು ಉಮ್ಮತ್ತೂರಿನವಳು, ಕೂಲಿ ಮಾಡುವ ಸಣ್ಣತಾಯಮ್ಮನ ಮಗಳು, ಅವರ ಕೇರಿಯಲ್ಲಿ ಎಂ.ಎ. ಮಾಡಿದವರಲ್ಲಿ ಮೊದಲನೆಯವಳು. ಮಾತು ಕಡಿಮೆ, ಆದರೆ ಹಿಡಿದರೆ ಬಿಡುವವಳಲ್ಲ.

ಬೇಗೂರು ಕಡೆಯ ಕೆಲಸ ಮುಗಿಯಿತು. ಚಾಮರಾಜನಗರದ ಬಸ್ಸಿಗೆ ಇನ್ನೂ ಹೊತ್ತಿತ್ತು. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಇಬ್ಬರೂ ಊಟಕ್ಕೆ ಕೂತರು. ಸಾರಿನ ಬಕೆಟ್ಟು ಬಂತು, ಸಾಸಿವೆ ಕರಿಬೇವು ತೇಲುತ್ತಿದ್ದದ್ದನ್ನು ನೋಡಿ ಮೇಷ್ಟ್ರಿಗೆ ತಮ್ಮ ತಮಾಷೆ ನೆನಪಾಯಿತು. ಹೇಳಿ, ನಕ್ಕು, ಅವಳೂ ನಗಲಿ ಎಂದು ಕಾದರು. ಅವಳು ನಗಲಿಲ್ಲ.

"ಅದು ಯಾವ ತಿಂಗಳು ಸಾರ್?"

"ಸೆಪ್ಟೆಂಬರು. ಯಾಕಮ್ಮ?"

"ಆ ಊರಲ್ಲಿ ಬೇರೆ ಯಾರ ಮನೇಲಾದ್ರೂ ಊಟ ಮಾಡಿದ್ರಾ ಸಾರ್, ಆವಾಗ?"

ಮಾಡಿದ್ದರು, ಎರಡು ಮೂರು ಮನೆಯಲ್ಲಿ. ಅಲ್ಲೂ ಸಪ್ಪೆಯೇ. ಹುಣಸೇಪುರಕ್ಕೇ ಆ ವರ್ಷ ಸಾಸಿವೆಯ ಬರ ಬಂದಿತ್ತು ಎಂದು ಅದನ್ನೂ ಅವರು ತಮಾಷೆಗೆ ಸೇರಿಸುವುದಿತ್ತು.

"ಬರ ಅಲ್ಲ ಸಾರ್. ಹುಳ ನಾಲ್ಕನೇ ಜ್ವರದಿಂದ ಎದ್ದಿರ್ಬೇಕು."

ರೇಷ್ಮೆಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಬಿಡುವ ಮೊದಲು ಮೇವು ನಿಲ್ಲಿಸಿ, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಅದಕ್ಕೆ ಸಾಕುವವರು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿನ ಹಸಿವು ಯಾರಿಗೂ ಬೇಡ. ಗೂಡು ಕಟ್ಟುವವರೆಗೆ ಒಂದೇ ಸಮನೆ ಮೇಯುತ್ತದೆ, ಹಾಕಿದಷ್ಟೂ ಸಾಲದು.

"ಆ ದಿನಗಳಲ್ಲಿ ಹುಣಸೇಪುರದಲ್ಲಿ ಯಾರೂ ಒಗ್ಗರಣೆ ಹಾಕಲ್ಲ ಸಾರ್. ಘಾಟು ತಾಕಿದ್ರೆ ಹುಳ ಮೇವು ಬಿಡ್ತವೆ ಅಂತ. ನಮ್ಮವ್ವ ಅಲ್ಲಿಗೆ ಸೊಪ್ಪು ಕುಯ್ಯಕ್ಕೆ ಹೋಗೋಳು, ಹಿಂದೆ ಹಿಂದೆ ನಾನೂ ಹೋಗ್ತಿದ್ದೆ. ಆಗ ಅವರು ಕೊಡೋ ಊಟ ಯಾವಾಗ್ಲೂ ಸಪ್ಪೆ. ಎಲ್ಲಾ ಮನೆಗೂ ಹುಳದ ಮೊಟ್ಟೆ ಒಂದೇ ದಿನ ಬರೋದು. ಹಂಗಾಗಿ ಊರಿಗೆ ಊರೇ ಸಪ್ಪೆ."

"ಸರಿ. ಅದಕ್ಕೇನೀಗ?"

ಶಿವರಂಜಿನಿ ತಟ್ಟೆಯನ್ನೇ ನೋಡುತ್ತ ಹೇಳಿದಳು: "ಆ ದಿನಗಳಲ್ಲಿ ಹೆಂಗಸರು ಹುಳದ ಕೋಣೆ ಬಿಟ್ಟು ಈಚೆಗೇ ಬರಲ್ಲ ಸಾರ್. ಜಗಲಿ ಮೇಲೆ ಸಿಗೋರು ಗಂಡಸರು ಮಾತ್ರ. ನೀವು ಫಾರಂನ ಯಾರನ್ನ ಕೇಳಿ ತುಂಬಿದ್ರಿ?"

ಮೇಷ್ಟ್ರು ಊಟ ಅರ್ಧಕ್ಕೇ ಬಿಟ್ಟು ಕೈ ತೊಳೆಯಲು ಎದ್ದರು. ನಿನ್ನೆ ಮೊನ್ನೆ ಬಂದ ಹುಡುಗಿ, ನನ್ನನ್ನೇ ಕೇಳುತ್ತಾಳಲ್ಲ ಎಂದು ಸಿಟ್ಟು ಬಂತು. ಬಾರದೆ ಇರುತ್ತದೆಯೆ? ಬಸ್ಸು ಹತ್ತಿದವರೇ ಪೇಪರು ಬಿಚ್ಚಿ ತೆರಕಣಾಂಬಿ ದಾಟುವವರೆಗೂ ಮುಖಕ್ಕೆ ಅಡ್ಡ ಹಿಡಿದರು. ಕಿಟಕಿಯಾಚೆ ಗೋಪಾಲಸ್ವಾಮಿ ಬೆಟ್ಟದ ನೆತ್ತಿಯ ಮೋಡ ಹಿಂದೆ ಹಿಂದೆ ಸರಿಯುತ್ತಿತ್ತು. ಅವರು ಅದನ್ನೂ ನೋಡಲಿಲ್ಲ.

ಚಾಮರಾಜನಗರದ ಲಾಡ್ಜಿನಲ್ಲಿ, ಸಂಜೆಯ ಬೆಳಕು ಇನ್ನೂ ಇರುವಾಗಲೇ, ಹಳೆಯ ಫಾರಂಗಳ ಕಟ್ಟು ಬಿಚ್ಚಿದರು. ಹೋಲಿಸಲೆಂದು ಜೊತೆಯಲ್ಲೇ ತಂದಿದ್ದರು. 'ಉತ್ತರ ಕೊಟ್ಟವರು' ಎಂಬ ಜಾಗದಲ್ಲಿ ಒಂದಾದ ಮೇಲೊಂದು: ಯಜಮಾನ, ಯಜಮಾನ, ಮಗ, ಯಜಮಾನ. ಕೆಲಸವಿದೆ ಎಂದು ಬರೆದಿದ್ದ ಹೆಂಗಸರು ಯಾರು ಎಂದು ಹುಡುಕಿದರು. ಹುಳು ಸಾಕದ ಮನೆಯವರು. ಅವರೇ ಬಾಗಿಲಿಗೆ ಬಂದು, ತಮ್ಮ ಬಾಯಲ್ಲೇ ಉತ್ತರ ಹೇಳಿದ್ದರು. ಒಂಬತ್ತೇ ದಿನದಲ್ಲಿ ಕೆಲಸ ಮುಗಿದದ್ದು ಹೇಗೆಂದು ಮೇಷ್ಟ್ರಿಗೆ ಇಪ್ಪತ್ತನಾಲ್ಕು ವರ್ಷದ ಮೇಲೆ ಅರ್ಥವಾಯಿತು. ಗಂಡಸರೆಲ್ಲ ಬಿಡುವಾಗಿ ಜಗಲಿ ಮೇಲೆ ಕೂತಿದ್ದರು. ಬಿಡುವು ಇದ್ದದ್ದು ಅವರಿಗೆ!

ಕೊನೆಗೆ ಒಂದನೇ ನಂಬರಿನ ಫಾರಂ ತೆಗೆದರು. ತಮ್ಮದೇ ಮುದ್ದಾದ ಅಕ್ಷರ. 'ದೊಡ್ಡಮಲ್ಲಮ್ಮ, ವಯಸ್ಸು 35, ಕೆಲಸ ಇಲ್ಲ.' ಇದನ್ನು ಅಚ್ಚು ಹಾಕಿ, ಅದರ ಮೇಲ್ಗಡೆ ಅಕ್ಕನಿಗೆ ಎಂದು ಅರ್ಪಣೆ ಮಾಡಿ, ಅಕ್ಕನ ಮಗಳ ಬಾಯಲ್ಲೇ ಅಕ್ಕನಿಗೆ ಓದಿಸಲು ಹೊರಟಿದ್ದೇನಲ್ಲಪ್ಪಾ! ಅವರು ಫಾರಂ ಮಗುಚಿಟ್ಟರು. ಪುಸ್ತಕ ನಿಲ್ಲಿಸಿದರೆ ಇಪ್ಪತ್ತನಾಲ್ಕು ವರ್ಷದ ಹೆಸರು ಹೋಗುತ್ತದೆ. ನಿಲ್ಲಿಸದಿದ್ದರೆ ಅಕ್ಕನ ಮುಖ ನೋಡುವುದು ಹೇಗೆ? ಪ್ರೆಸ್ಸಿನವರು ಸೋಮವಾರ ಮೊದಲ ಅಧ್ಯಾಯಗಳನ್ನು ಅಚ್ಚಿಗೆ ಏರಿಸುವವರಿದ್ದರು. ಅಂದು ಶುಕ್ರವಾರ.

ಮರುದಿನ ಬೆಳಗ್ಗೆ ಹುಣಸೇಪುರಕ್ಕೆ ಹೋದಾಗ ಬಾವ ಶಾಂತಮಲ್ಲಪ್ಪ ಜಗಲಿ ಮೇಲೆ ಗೋಡೆಗೊರಗಿ ಕೂತಿದ್ದರು. ಅದೇ ಜಾಗ, ತಲೆ ಮಾತ್ರ ಬೆಳ್ಳಗಾಗಿತ್ತು. "ಬಾ ಸಿವಸಂಕ್ರ, ಬಾ ಮಗ ಕೂತ್ಕೊ" ಎಂದು ಇಬ್ಬರಿಗೂ ಚಾಪೆ ಹಾಕಿದರು. ಕೆಟ್ಟವರಲ್ಲ ಪಾಪ, ಬಲು ಒಳ್ಳೆಯ ಮನುಷ್ಯ. ಶಿವರಂಜಿನಿ ಫಾರಂ ತೆಗೆದು ನೇರವಾಗಿ ಕೇಳಿದಳು: "ಅಮ್ಮಾವ್ರು ಏನ್ ಕೆಲಸ ಮಾಡ್ತಾರೆ ಅಪ್ಪಾಜಿ?"

"ಅವ್ಳಿಗೇನ್ ಕೆಲ್ಸ? ಮನೇಲೇ ಅವ್ಳೆ. ಏನೂ ಇಲ್ಲ ಅಂತ ಬರ್ಕಳವ್ವ."

ಹಾಗೆನ್ನುವಾಗಲೇ ಮುಚ್ಚಿದ ಬಾಗಿಲ ಹಿಂದಿನಿಂದ ತಟ್ಟೆಗಳನ್ನು ಎಳೆದು ತಳ್ಳುವ ಸದ್ದು ಬರುತ್ತಿತ್ತು. ಬಾವನಿಗೆ ಅದು ಕೇಳಿಸುತ್ತಲೇ ಇರಲಿಲ್ಲ; ಗಡಿಯಾರದ ಟಿಕ್ ಟಿಕ್ ಮನೆಯವರಿಗೆ ಕೇಳುತ್ತದೆಯೆ, ಹಾಗೆ. ಶಿವರಂಜಿನಿ ಮೇಷ್ಟ್ರ ಕಡೆ ತಿರುಗಿಯೂ ನೋಡಲಿಲ್ಲ. ಅದು ಅವಳ ದೊಡ್ಡತನ. ಎದ್ದು, ಬಚ್ಚಲಲ್ಲಿ ಕೈಕಾಲು ತೊಳೆದುಕೊಂಡು, ಬಾಗಿಲು ತಳ್ಳಿ ಒಳಗೆ ಹೋದಳು. "ಯಾರವ್ವ ಅದು? ಸಣ್ತಾಯಿ ಮಗಳಾ! ಇತ್ಲಾಗೆ ಬಾ ಕಣಮ್ಮಿ, ಇಷ್ಟುದ್ದ ಆಗೋಗಿದ್ದೀಯಲ್ಲ" ಎಂಬ ಅಕ್ಕನ ದನಿ ಕೇಳಿತು. ಚಿಕ್ಕವಳಿದ್ದಾಗ ಅವ್ವನ ಜೊತೆ ಹಿತ್ತಲ ಬಾಗಿಲಿಂದ ಬರುತ್ತಿದ್ದವಳು ಅವತ್ತು ಮುಂಬಾಗಿಲಿಂದ ಒಳಗೆ ಹೋಗಿದ್ದಳು.

ಒಂದು ಗಂಟೆ ಬಿಟ್ಟು ಬಂದಳು. ಫಾರಂನ ಎರಡೂ ಮಗ್ಗುಲು ತುಂಬಿ, ಅಂಚಿನಲ್ಲೂ ಬರೆದಿದ್ದಳು. ದಿನಕ್ಕೆ ಎಷ್ಟು ಸಲ ಸೊಪ್ಪು ಹಾಕುವುದು, ಎಷ್ಟು ತಟ್ಟೆ, ಹಿಕ್ಕೆ ತೆಗೆಯುವುದು ಯಾವಾಗ, ಮಲಗುವುದು ಎಲ್ಲಿ, ಎಲ್ಲವೂ ಇತ್ತು. ಬಾವ ಎಲೆಯಡಿಕೆ ತರಲು ಒಳಗೆ ಹೋದ ಹೊತ್ತು ನೋಡಿ ಮೆಲ್ಲಗೆ, "ಸಾರ್, ಮಕ್ಕಳ ಅಂತರದ ವಿಷಯಾನೂ ಕೇಳಿದೆ" ಎಂದಳು. ಅವಳ ಕೆನ್ನೆ ಕೆಂಪಾಗಿತ್ತು. "ವರ್ಷಕ್ಕೆ ಆರು ಬೆಳೆ. ಬೆಳೆ ಒಂದಕ್ಕೆ ಒಂದು ತಿಂಗಳು. 'ಹುಳ ಇರೋವಷ್ಟು ದಿನ ನಾನು ಹುಳದ ಕೋಣೇಲಿ ಮಲಗ್ತೀನಿ, ನಿಮ್ ಮೇಷ್ಟ್ರ ಬಾವ ಜಗಲೀಲಿ ಮಲಗ್ತಾರೆ, ಮಕ್ಕಳು ಎಲ್ಲಿಂದ ಆದಾವು ಕಣಮ್ಮಿ' ಅಂದ್ರು ಅಮ್ಮಾವ್ರು. ಊರಲ್ಲೆಲ್ಲ ಹಂಗೇ ಅಂತೆ ಸಾರ್."

ದೇವರೇ! ಇಪ್ಪತ್ತನಾಲ್ಕು ವರ್ಷ, ದೆಹಲಿಯಿಂದ ಜಿನೀವಾದವರೆಗೆ ದೊಡ್ಡ ದೊಡ್ಡವರು ತಲೆ ಕೆಡಿಸಿಕೊಂಡ ಒಗಟು. ಮೇಷ್ಟ್ರಿಗೆ ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಎದ್ದು ನಿಂತರು.

"ಅಕ್ಕಾ, ನಾನೂ ಒಳಗೆ ಬರ್ಲಾ?"

ಒಳಗಿನಿಂದ ದನಿ ಬಂತು: "ನಶ್ಯದ ಡಬ್ಬಿ ಆಚೆ ಮಡುಗ್ಬುಟ್ಟು ಬಾರ್ಲಾ. ತಲೆ ಮ್ಯಾಲೆ ನೀರ್ ಉಯ್ಕೊ. ಮೂಗ್ನೂ ಚೆಂದಾಗಿ ತೊಳ್ಕೊ. ಆ ಸೆಂಟು ಪೌಡರು ಬಳ್ಕಂಡು ಬಂದೀಯೆ ಮತ್ತೆ!"

ಸಂಶೋಧನಾ ಕೇಂದ್ರದ ಪ್ರೊಫೆಸರು ಬಚ್ಚಲಲ್ಲಿ ತಣ್ಣೀರು ಹೊಯ್ದುಕೊಂಡು, ಬಾವನ ಪಂಚೆ ಸುತ್ತಿಕೊಂಡು, ನಲವತ್ತೊಂಬತ್ತನೇ ವಯಸ್ಸಿನಲ್ಲಿ ಮೊದಲ ಸಲ ಅಕ್ಕನ ಹುಳದ ಕೋಣೆ ಹೊಕ್ಕರು. ಕಿಟಕಿಗೆಲ್ಲ ಗೋಣಿತಾಟು. ನೆಲದಿಂದ ಸೂರಿನವರೆಗೆ ಬಿದಿರು ತಟ್ಟೆಗಳ ಸಾಲು. ಪ್ರತಿ ತಟ್ಟೆಯಲ್ಲೂ ಬೆರಳುದ್ದದ ಬಿಳಿ ಹುಳುಗಳು ಚರಚರ ಎಂದು ಸೊಪ್ಪು ಮೇಯುತ್ತಿದ್ದವು. ನಡುವೆ ಸೆರಗು ಸೊಂಟಕ್ಕೆ ಬಿಗಿದು ನಿಂತಿದ್ದ ಅಕ್ಕ, ಅವರ ಕಣ್ಣಿಗೆ ತೀರ ಸಣ್ಣಗೆ ಕಂಡಳು. ಕೈಬೆರಳುಗಳು ಸೊಪ್ಪಿನ ಕರೆಯಿಂದ ಕಪ್ಪಾಗಿದ್ದವು. ಆ ಬೆರಳುಗಳನ್ನು ಅವರು ಎಷ್ಟು ಸಲ ನೋಡಿದ್ದರು! ಅಡುಗೆಯ ಮಸಿ ಎಂದುಕೊಂಡಿದ್ದರು.

"ಸುಮ್ನೆ ಯಾಕ್ ನಿಂತಿದ್ದೀಯೆ? ತಗೊ, ಆಕು. ರಾಸಿ ಆಕ್ಬ್ಯಾಡ, ತೆಳ್ಳಗೆ ಉದುರ್ಸು."

ಮೇಷ್ಟ್ರು ಸೊಪ್ಪು ಉದುರಿಸಿದರು. ಅಕ್ಕ ಅದನ್ನು ಇನ್ನೊಂದು ಸಲ ಸರಿ ಮಾಡಿದಳು. ಎರಡು ತಟ್ಟೆ ಹಾಗೇ ಆಯಿತು. ಮೂರನೆಯದಕ್ಕೆ ಬಂದಾಗ ಅವರು ಹೇಳಿಬಿಟ್ಟರು.

"ಅಕ್ಕ, ನಾನೊಂದು ತಪ್ಪು ಮಾಡಿದ್ದೀನಿ. ಅವತ್ತು ಸರ್ವೆಗೆ ಬಂದಾಗ ನಿನಗೆ ಕೆಲಸ ಇಲ್ಲ ಅಂತ ಬರ್ಕೊಂಡೆ. ಅದನ್ನೇ ಪುಸ್ತಕದಲ್ಲೂ ಹಾಕಿದ್ದೀನಿ. ಊರೂರಲ್ಲಿ ಅದನ್ನೇ ಹೇಳ್ಕೊಂಡು ತಿರುಗಿದೆ."

"ಗೊತ್ತು ಕಣ್ಲಾ" ಎಂದಳು ಅಕ್ಕ. ಕೈ ನಿಲ್ಲಲಿಲ್ಲ.

"ಗೊತ್ತಾ? ಹೇಗೆ?"

"ನಾನು ಈ ಬಾಗ್ಲ ಇಂದ್ಗಡೇನೇ ಇದ್ನಲ್ಲ. ನೀನು ಆಚೆಕಡೆ ಜಗಲೀಲಿ, ನಾನು ಈಚೆಕಡೆ. ನಿಮ್ ಬಾವ 'ಅವ್ಳಿಗೇನ್ ಕೆಲ್ಸ' ಅಂದ್ರು. ನೀನು 'ಸರಿ ಬಾವ' ಅಂದೆ. ಎಲ್ಲಾ ಕೇಳುಸ್ತು."

ಅಕ್ಕ ಮುಂದಿನ ತಟ್ಟೆ ಎಳೆದಳು.

"ಒಂದ್ಸಲ 'ಅಕ್ಕಾ' ಅಂತ ಕೂಗ್ತೀಯೇನೋ ಅಂತ ಕೈಲಿ ಸೊಪ್ಪು ಇಡ್ಕಂಡು ಅಂಗೇ ನಿಂತ್ಕಂಡಿದ್ದೆ. ಕೂಗಿದ್ರೆ ಓ ಅಂತಿದ್ದೆ. ಈಚೆಗ್ ಬರಕ್ಕಾಗ್ದಿದ್ರೂ ಒಳಗಿಂದ್ಲೇ ಎಲ್ಲಾನೂವೆ ಹೇಳ್ತಿದ್ದೆ. ನೀನು ಕೂಗ್ನಿಲ್ಲ. ಸೈಕಲ್ ಬೆಲ್ಲು ಕೇಳುಸ್ತು. ಸರಿ, ಒಂಟೋದ ಅನ್ಕಂಡು ಸೊಪ್ಪು ಆಕಕ್ಕೋದೆ. ಅಷ್ಟೇಯ."

"ಇಷ್ಟು ವರ್ಷ ಯಾಕಕ್ಕ ಒಂದು ಮಾತು ಹೇಳಲಿಲ್ಲ?"

"ನೀನ್ ಮ್ಯಾಕೋಯ್ತಾ ಇದ್ದೆ. ನನ್ ಮಾತಿಗೆ ಎಲ್ ಎಡುವ್ಬುಟ್ಟೀಯೋ ಅಂತ ಸುಮ್ಕಿದ್ದೆ. ಅದ್ಯಾವ್ದೂ ನಂಗೆ ಬೇಜಾರಿಲ್ಲ ಬುಡು. ಸಾರಿಗೆ ಒಗ್ಗರಣೆ ಇಲ್ಲ ಅಂತ ಮಕ ಸಣ್ಗೆ ಮಾಡ್ಕಂಡು ಉಣ್ತಿದ್ದೆಲ್ಲ, ಅದ್ ನೋಡಿ ಮಾತ್ರ ಬೋ ಸಂಕ್ಟ ಆಯ್ತಿತ್ತು. ಉಳ ಅಣ್ಣಾಗಿ ಗೂಡ್ ಕಟ್ಟಕ್ ಸುರು ಮಾಡುದ್ ಮ್ಯಾಲೆ ಬೆಳ್ಳುಳ್ಳಿ ಒಗ್ಗರಣೆ ಆಕಿ ಒಟ್ಟೆ ತುಂಬ ಉಣ್ಣುಸ್ಮ ಅನ್ಕಂಡಿದ್ದೆ. ಇನ್ನೆರಡು ದಿನ ಇದ್ದಿದ್ರೆ ಆಗೋಗದು. ನೀನು ಒಂಬತ್ ದಿನಕ್ಕೇ ಎದ್ದೋದೆ."

ಒಂಬತ್ತು ದಿನ! ಯಾವ ಒಂಬತ್ತು ದಿನಕ್ಕೆ ಅವರ ಎದೆ ಅಷ್ಟು ವರ್ಷ ಉಬ್ಬಿತ್ತೋ ಅದೇ ಒಂಬತ್ತು ದಿನ. ಶಿವಶಂಕರರು ಸೊಪ್ಪಿನ ಬುಟ್ಟಿಯ ಪಕ್ಕ ನೆಲದ ಮೇಲೆ ಕುಸಿದು ಕೂತು, ಎಂಟು ವರ್ಷದ ಹುಡುಗನ ಹಾಗೆ ಅತ್ತರು. ಅಕ್ಕ ಕೈಯಲ್ಲಿದ್ದ ಸೊಪ್ಪು ಹಾಕಿ ಮುಗಿಸಿ, ಆಮೇಲೆ ಬಂದು ಅವರ ಒದ್ದೆ ತಲೆಯನ್ನು ಸೆರಗಿನಿಂದ ಒರೆಸಿದಳು. "ಇಲ್ ಕಣ್ಣೀರ್ ಆಕ್ಬ್ಯಾಡ ಕೂಸೆ, ಸೊಪ್ಪು ತ್ಯಾವ ಆದ್ರೆ ಉಳುಕ್ಕಾಗಲ್ಲ" ಎಂದಳು. ಅವಳ ಕಣ್ಣೂ ಒಣಗಿರಲಿಲ್ಲ.

ಅವತ್ತು ಮಧ್ಯಾಹ್ನವೇ ಮೇಷ್ಟ್ರು ಚಾಮರಾಜನಗರಕ್ಕೆ ಹೋಗಿ ಎಸ್‌ಟಿಡಿ ಬೂತಿನಿಂದ ಗುರುಪಾದಸ್ವಾಮಿಗೆ ಫೋನು ಮಾಡಿದರು. "ನಿಲ್ಲಿಸಿ. ಮೊದಲ ಅಧ್ಯಾಯ ತಪ್ಪು."

"ಏನ್ ಸಾರ್, ತಮಾಷೆನಾ? ಇಪ್ಪತ್ತನಾಲ್ಕು ವರ್ಷದಿಂದ ಸರಿ ಇದ್ದದ್ದು ಶನಿವಾರ ತಪ್ಪಾಯ್ತಾ?"

"ಇಪ್ಪತ್ತನಾಲ್ಕು ವರ್ಷದಿಂದಲೂ ತಪ್ಪೇ ಕಣ್ರೀ. ಗೊತ್ತಾಗಿದ್ದು ಶನಿವಾರ."

"ಜನ ನಗ್ತಾರೆ ಸಾರ್!"

"ನಗಲಿ. ನಾನೂ ತುಂಬ ನಗಿಸಿದ್ದೀನಿ" ಎಂದು ಫೋನಿಟ್ಟರು.

ಎರಡನೇ ಸರ್ವೆ ಶುರುವಾಯಿತು. ಈ ಸಲದ ಪದ್ಧತಿ ಬೇರೆ. ಶಿವರಂಜಿನಿ ಒಳಗೆ ಹೋಗುವಳು, ಮೇಷ್ಟ್ರು ಜಗಲಿಯಲ್ಲಿ ನಿಂತು ಮುಚ್ಚಿದ ಬಾಗಿಲಿನ ಕಡೆ ತಿರುಗಿ ಕೂಗುವರು. ಯಜಮಾನರು ಎದುರಿಗೇ ಕೂತಿರುವಾಗ ಅವರನ್ನು ದಾಟಿ ಒಳಗಿನವರನ್ನು ಕೂಗುವುದು ಆ ಸೀಮೆಯಲ್ಲಿ ಮರ್ಯಾದೆಯ ಮಾತಲ್ಲ. ಆದರೂ ಕೂಗಿದರು. "ಅವ್ವಾ, ನಾನು ದೊಡ್ಡಮಲ್ಲಮ್ಮನ ತಮ್ಮ. ಒಂದು ಮಾತು ಕೇಳ್ಬೇಕಿತ್ತು."

"ಓ! ಸೈಕಲ್ನವ್ನಲ್ವಾ?" ಎಂದಿತು ಒಳಗಿನಿಂದ ಒಂದು ಮುದಿ ದನಿ. "ಕೇಳಪ್ಪ ಕೇಳು. ಓದ್ಸಲ ಬಂದಾಗ್ಲೂ ಇಲ್ಲೇ ಇದ್ದೊ ನಾವು."

ಮನೆ ಮನೆಯಲ್ಲೂ ಅದೇ. ಹಳಬರಲ್ಲಿ ಬದುಕಿದ್ದವರಿಗೆಲ್ಲ ಆ ಸೈಕಲ್ ಬೆಲ್ಲು ನೆನಪಿತ್ತು, ತಮ್ಮ ಗಂಡಂದಿರು ಏನು ಹೇಳಿ ಬರೆಸಿದರು ಎಂಬುದೂ ನೆನಪಿತ್ತು. ಯಾರೂ ಸಿಟ್ಟು ಮಾಡಲಿಲ್ಲ. ಅದರಿಂದಲೇ ಮೇಷ್ಟ್ರಿಗೆ ಹೆಚ್ಚು ನೋವಾದದ್ದು. ಕೆಲವು ಮನೆಗೆ ಹುಳ ಜ್ವರಕ್ಕೆ ಕೂತಾಗ ಮತ್ತೆ ಬನ್ನಿ ಎಂದರು, ಬಂದರು. ಒಂಬತ್ತು ದಿನದ ಕೆಲಸಕ್ಕೆ ಏಳು ತಿಂಗಳು ಹಿಡಿಯಿತು. ನಶ್ಯದ ಡಬ್ಬಿ ಎಲ್ಲೋ ಒಂದು ಜಗಲಿ ಮೇಲೆ ಉಳಿದುಹೋಯಿತು, ಅವರು ಹುಡುಕಲೂ ಇಲ್ಲ. ಹುಣಸೇಪುರದಲ್ಲಿ ದುಡಿಯುವ ಹೆಂಗಸರು ನೂರಕ್ಕೆ ಹನ್ನೊಂದಲ್ಲ, ತೊಂಬತ್ತಮೂರು ಎಂದು ಗೊತ್ತಾಯಿತು. ಒಗಟು ಹೋಯಿತು. ಬಿಡುವಿನ ಸಿದ್ಧಾಂತವೂ ಹೋಯಿತು. ಒಂದು ಸೆಮಿನಾರಿನಲ್ಲಿ ಅವರು ಇದನ್ನು ಹೇಳಿದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮೇಷ್ಟ್ರು ಅವರ ಕಡೆ ನೋಡಿ, "ನಗಬಹುದು, ನಾನೂ ನಕ್ಕೆ" ಎಂದು ಮುಂದುವರಿಸಿದರು.

ಪುಸ್ತಕ ಬಂದದ್ದು 1998ರ ಜನವರಿಯಲ್ಲಿ. ಅಷ್ಟರಲ್ಲಿ ಚಾಮರಾಜನಗರವೇ ಒಂದು ಜಿಲ್ಲೆಯಾಗಿ, ಮೈಸೂರು ಜಿಲ್ಲೆ ಎಂದಿದ್ದ ಕಡೆಯಲ್ಲೆಲ್ಲ ತಿದ್ದಬೇಕಾಗಿ ಬಂದು, ಗುರುಪಾದಸ್ವಾಮಿ ತಲೆ ತಲೆ ಚಚ್ಚಿಕೊಂಡಿದ್ದರು. ರಟ್ಟಿನ ಮೇಲೆ ಎರಡು ಹೆಸರು: ಶಿವಶಂಕರ, ಶಿವರಂಜಿನಿ. ಬಿಡುಗಡೆಯ ದಿನ ಮುಂದಿನ ಸಾಲಿನಲ್ಲಿ ಅಕ್ಕನ ಕುರ್ಚಿ ಖಾಲಿಯಿತ್ತು. ಬಾವ ಮಾತ್ರ ಜರಿಪಂಚೆ ಉಟ್ಟು ಬಂದಿದ್ದರು. "ಉಳ ನಾಕ್ನೇ ಜ್ವರ ಎದ್ದವೆ ಕಣಪ್ಪ. ಬರಕ್ಕಾಗ್ನಿಲ್ಲ ಅವ್ಳಿಗೆ" ಎಂದರು. ಆಮೇಲೆ, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ತಗ್ಗಿದ ದನಿಯಲ್ಲಿ, "ಕೆಲ್ಸ ಅದೆ" ಎಂದು ಸೇರಿಸಿದರು.

ಹಾರ ಹಾಕಿಸಿಕೊಂಡ ಮೇಲೆ ಮೇಷ್ಟ್ರು ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದರು. ಹುಣಸೇಪುರ ಸೇರಿದಾಗ ಬಿಸಿಲು ಇಳಿಯುತ್ತಿತ್ತು. ಬಾಗಿಲು ಮುಚ್ಚಿತ್ತು. ಒಳಗೆ ಹೋಗಲು ಸ್ನಾನವಾಗಿರಲಿಲ್ಲ, ಹಾರದ ಗಂಧ ಇನ್ನೂ ಮೈಮೇಲಿತ್ತು. ಜಗಲಿ ಮೇಲೆ, ತಾವು ಹಿಂದೆ ಕೂತಿದ್ದ ಜಾಗದಲ್ಲೇ ಕೂತರು.

"ಅಕ್ಕಾ!"

"ಓ!"

"ಪುಸ್ತಕ ತಂದಿದ್ದೀನಿ."

"ಅಲ್ಲಿಂದ್ಲೇ ಓದು. ಕೇಳ್ತಾದೆ ನಂಗೆ."

ಮೇಷ್ಟ್ರು ಕನ್ನಡಕ ಹಾಕಿಕೊಂಡು ಮೊದಲ ಅಧ್ಯಾಯ ತೆಗೆದರು. "1972ರ ಸೆಪ್ಟೆಂಬರಿನಲ್ಲಿ, ಹುಣಸೇಪುರದ ಒಂದನೇ ನಂಬರಿನ ಮನೆಯಲ್ಲಿ, ದೊಡ್ಡಮಲ್ಲಮ್ಮ ಎಂಬ ಹೆಂಗಸು ಬೆಳಗಿನಿಂದ ರಾತ್ರಿಯವರೆಗೆ ಕೆಲಸ ಮಾಡುತ್ತಿದ್ದಳು. ಬಾಗಿಲ ಈಚೆ ಕೂತಿದ್ದ ನಾನು ಅವಳನ್ನು ಕೂಗಿ ಕೇಳಲಿಲ್ಲ. ಕೆಲಸ ಇಲ್ಲ ಎಂದು ಬರೆದುಕೊಂಡೆ. ಅವಳು ನನ್ನ ಅಕ್ಕ. ತಪ್ಪು ನನ್ನದು."

ಒಳಗೆ ತಟ್ಟೆ ಎಳೆಯುವ ಸದ್ದು ನಿಂತಿತ್ತು. ಆಮೇಲೆ ಅಕ್ಕ ಮೂಗೆಳೆದುಕೊಂಡಳು.

"ಇವು ಮೇಯೋ ಸದ್ದಲ್ಲಿ ಸರ್ಯಾಗಿ ಕೇಳ್ನಿಲ್ಲ ಕಣ್ಲಾ. ಇನ್ನೊಂದ್ ದಪ ಗಟ್ಯಾಗ್ ಓದು."

ಕೇಳಿಸಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಮೇಷ್ಟ್ರು ಎದ್ದು ನಿಂತು, ಎದುರು ಜಗಲಿಯ ಗಂಡಸರಿಗೂ ಕೇಳುವ ಹಾಗೆ ದನಿಯೆತ್ತಿ, ಮೊದಲಿನಿಂದ ಓದಿದರು.